ಮಾಳಿಗೆಯ ಮೇಲಿನ ಇಬ್ಬರು

ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಸರಕಾರ ಎತ್ತಿ ಒಗೆದಲ್ಲೆಲ್ಲ ಹೋಗಿ ಮಕ್ಕಳಿಗೆ ಕನ್ನಡ ಕಲಿಸಿ, ಕೊನೆಗೆ ಬಸವನ ಬಾಗೇವಾಡಿಯಲ್ಲಿ ಮನೆ ಕಟ್ಟಿಸಿಕೊಂಡವಳು ನಾನು. ಮಾಳಿಗೆಯ ಮೇಲೆ ಬಾಡಿಗೆಗೆಂದು ಎರಡು ಕೋಣೆ ಹಾಕಿಸಿದ್ದೆವು. ಒಂದರಲ್ಲಿ ಇಲ್ಲಿಯ ಖಾಸಗಿ ದವಾಖಾನೆಯ ನರ್ಸ್ ಒಬ್ಬಳಿದ್ದಳು. ಈಶಾನ್ಯದ ಗುಡ್ಡಗಾಡಿನವಳು, ಕ್ರಿಶ್ಚಿಯನ್. ಬಂದು ಎರಡೇ ವರ್ಷವಾಗಿತ್ತು, ಆದರೆ ನಮ್ಮ ಮಾತನ್ನು ನಮ್ಮಷ್ಟೇ ಒರಟಾಗಿ ಕಲಿತಿದ್ದಳು. ಹೆಸರು ಬರೆಯುವುದಿಲ್ಲ, ಬರೆದರೆ ಊರಿನಲ್ಲಿರುವ ಅವಳ ಮಂದಿಗೆ ತೊಂದರೆಯಾದೀತು. ಹಿರಿಯಾಕೆ ಎನ್ನುತ್ತೇನೆ.

ಹೋದ ಬೇಸಿಗೆಯಲ್ಲಿ ಅದೇ ದವಾಖಾನೆಗೆ ಇನ್ನೊಬ್ಬ ಹುಡುಗಿ ನರ್ಸಾಗಿ ಬಂದಳು. ಅದೇ ರಾಜ್ಯ, ಅದೇ ಧರ್ಮ, ನನ್ನ ಕಣ್ಣಿಗೆ ಮುಖವೂ ಅಕ್ಕತಂಗಿಯರದೇ. ನಮ್ಮ ಜಿಲ್ಲೆಯಲ್ಲೇ ನರ್ಸಿಂಗ್ ಕಲಿತವಳಾದ್ದರಿಂದ ಇವಳಿಗೂ ನಮ್ಮ ಮಾತು ಬರುತ್ತಿತ್ತು. ಪುಣೆಯ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಜಿಲ್ಲೆಯವರು ಯಾರಾದರೂ ಸಿಕ್ಕರೆ ಸಾಕು, ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳುವ ಮಂದಿ ನಾವು. ಕೇಳುವುದೇನಿದೆ ಎಂದು, ಹಿರಿಯಾಕೆ ಡ್ಯೂಟಿಗೆ ಹೋಗಿದ್ದಾಗಲೇ ಪಕ್ಕದ ಕೋಣೆಯ ಕೀಲಿ ಕೊಟ್ಟುಬಿಟ್ಟೆ. ಅವಳು ಬಂದ ಕೂಡಲೇ ಹಿಗ್ಗಿನಿಂದ ಹೇಳಿದೆ: “ನಿಮ್ಮ ಕಡೆಯಾಕಿನ್ನ ತಂದೇನಿ ನೋಡವ್ವಾ, ಇನ್ನ ನಿನಗ ಬ್ಯಾಸರ ಇಲ್ಲ.”

ಹಿರಿಯಾಕೆ ಹುಡುಗಿಯ ಹೆಸರೇನೆಂದು ಕೇಳಿದಳು. ಹೇಳಿದೆ. ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡಳು.

ದಣಿದಿರಬೇಕು ಅಂದುಕೊಂಡೆ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ರವಿವಾರ ಇಬ್ಬರೂ ತಂತಮ್ಮ ಕೋಣೆಯಲ್ಲೇ ಬೈಬಲ್ ತೆಗೆದು ಕೂತರು. ಗೋಡೆಯ ಆಚೆಗೊಂದು ಈಚೆಗೊಂದು ಹಾಡು. ಭಾಷೆ ಬೇರೆ, ರಾಗ ಒಂದೇ. “ದೇವ್ರು ಒಬ್ಬ, ಮೈಕ್ ಎರಡು,” ಎಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ.

ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸು ಇದ್ದರೆ. ಬಂದಾಗ ಮನೆಯಲ್ಲಿದ್ದವರು ಇಲ್ಲದವರ ಬ್ಯಾರಲ್ಲನ್ನೂ ತುಂಬಿಸಬೇಕು. ಬಾಜೂ ಮನೆಯಾಕೆಯೂ ನಾನೂ ಕಾಂಪೌಂಡ್ ಗೋಡೆಯ ಸಲುವಾಗಿ ಮಾತು ಬಿಟ್ಟಿದ್ದೇವೆ, ಆದರೂ ಅವಳಿಲ್ಲದಾಗ ಅವಳ ಕೊಡ ನಾನು ತುಂಬಿಸುತ್ತೇನೆ, ನಾನಿಲ್ಲದಾಗ ಅವಳು. ಇದನ್ನು ಹೊಸ ಹುಡುಗಿಗೂ ಹೇಳಿಕೊಟ್ಟಿದ್ದೆ. ಆ ಸಲ ನಳ ಬಂದಾಗ ಹಿರಿಯಾಕೆ ಡ್ಯೂಟಿಯಲ್ಲಿದ್ದಳು. ಹುಡುಗಿ ಪಾಪ, ಕೊಡ ಹೊತ್ತು ಹತ್ತಿ ಇಳಿದು ಅವಳ ಬ್ಯಾರಲ್ ತುಂಬಿಸಿದಳು. ಹಿರಿಯಾಕೆ ಬಂದು, ಯಾರು ತುಂಬಿದ್ದೆಂದು ಕೇಳಿ, ಬ್ಯಾರಲ್ಲನ್ನೇ ಕೆಡವಿದಳು. ನೀರೆಲ್ಲ ಮೆಟ್ಟಿಲಿಳಿದು ಅಂಗಳಕ್ಕೆ ಬಂತು.

ನನಗೆ ಬಂತು ನೋಡಿ ಸಿಟ್ಟು! “ಏ ಹುಚ್ಚಿ, ತಲಿ ನೆಟ್ಟಗ ಐತಿಲ್ಲೋ? ಬಾಗೇವಾಡ್ಯಾಗ ನಿಂತು ನೀರು ಚೆಲ್ತಿ?”

“ಅವರ ಕೈಯಾಗಿನ ನೀರು ಕುಡ್ಯಾಂಗಿಲ್ರಿ ಅಕ್ಕೋರ,” ಎಂದಳು. “ನಮ್ಮ ಮನಿ ಸುಟ್ಟವರು ಅವರು.”

ಆಗ ತಿಳಿಯಿತು. ಅವರ ನಾಡಿನಲ್ಲಿ ಒಳಯುದ್ಧ ನಡೆದಿತ್ತು. ಎರಡು ಬುಡಕಟ್ಟು, ಎರಡೂ ಚರ್ಚಿಗೆ ಹೋಗುವವರೇ. ಇವಳ ಕಡೆಯ ಊರುಗಳು ಸುಟ್ಟಿದ್ದವು, ಹುಡುಗಿಯ ಕಡೆಯವೂ ಸುಟ್ಟಿದ್ದವು. ಹೆಸರು ಕೇಳಿದರೆ ಸಾಕು, ಯಾವ ಕಡೆಯವರೆಂದು ಗೊತ್ತಾಗುತ್ತದೆ. ಹಿರಿಯಾಕೆಯ ತಾಯಿ ಗುಡ್ಡದ ಮೇಲಿನ ಬಂಧುಗಳ ಮನೆಯಲ್ಲಿದ್ದಳು. ಉಸಿರಾಟದ ತೊಂದರೆ, ದಿನದಿಂದ ದಿನಕ್ಕೆ ಹೆಚ್ಚಾಗುತ್ತಿತ್ತು. ದೊಡ್ಡ ದವಾಖಾನೆ ಇರುವುದು ಕೆಳಗೆ, ದಾರಿ ಹೋಗುವುದು ಹುಡುಗಿಯ ಜನರ ಸೀಮೆಯೊಳಗಿಂದ. ಆ ದಾರಿಗೆ ಇವರು ಕಾಲಿಡುವಂತಿಲ್ಲ.

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡ ಹುಡುಗಿ ಅಂಜುತ್ತ ನನಗೆ ಹೇಳಿದಳು, ಅವಳಿಗಲ್ಲ. “ಎರಡೂ ಕಡೆ ಚರ್ಚಿನ ಹಿರ್ಯಾರು ಮಾತಾಡ್ಕೊಂಡಾರ್ರಿ. ರೋಗಿಗಳನ್ನ ಇವರ ಕಡೆಯವರು ನಡುವಿನ ಸೇತುವೆ ಮಟ ತರ್ತಾರ, ಅಲ್ಲಿಂದ ನಮ್ಮವರು ದವಾಖಾನಿಗೆ ಒಯ್ತಾರ. ಗಾಡಿ ಹೊಡಿಯಾಂವ ನಮ್ಮಣ್ಣರಿ.”

“ನಮ್ಮವ್ವನ್ನ ಅವರ ಕೈಯಾಗ ಕೊಡಾಂಗಿಲ್ಲ,” ಎಂದಳು ಹಿರಿಯಾಕೆ.

“ಸಿಟ್ಟು ನಿಂದು, ಉಸಿರು ನಿಮ್ಮವ್ವಂದು,” ಎಂದೆ. “ಹಚ್ಚು ಫೋನ್, ಆಕಿನ್ನ ಕೇಳು.”

ಹಚ್ಚಿದಳು. ಆ ಕಡೆಯಿಂದ ಮಾತಿಗಿಂತ ಏದುಸಿರೇ ಹೆಚ್ಚು ಕೇಳುತ್ತಿತ್ತು. ಯಾರು ಒಯ್ದರೂ ಅಡ್ಡಿಯಿಲ್ಲ, ನಾನು ಬದುಕಬೇಕು ಎಂದಳಂತೆ ತಾಯಿ. ಹಿರಿಯಾಕೆ ಫೋನನ್ನು ಹುಡುಗಿಯ ಕೈಗೆ ಕೊಟ್ಟಳು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು.

ಎರಡು ದಿನ ಫೋನಿನ ಮೇಲೆ ಫೋನ್ ಓಡಾಡಿ, ರವಿವಾರಕ್ಕೆ ನಿಗದಿಯಾಯಿತು. ಬೆಳಗಿನಿಂದ ನಮ್ಮ ಪಡಸಾಲೆಯೇ ದವಾಖಾನೆಯ ವರಾಂಡ ಆಗಿತ್ತು. ಹಿರಿಯಾಕೆ ಫೋನ್ ಮುಂದಿಟ್ಟುಕೊಂಡು ಕೂತವಳು ಚಹಾ ಕೂಡ ಮುಟ್ಟಲಿಲ್ಲ. ಸೇತುವೆ ದಾಟಿದರು ಎಂಬ ಸುದ್ದಿ ಬಂತು. ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಫೋನ್ ಬಂತು.

“ಅವ್ವ ದವಾಖಾನಿ ಮುಟ್ಟ್ಯಾಳ್ರಿ ಅಕ್ಕೋರ! ಆಕ್ಸಿಜನ್ ಹಚ್ಚ್ಯಾರಂತ! ಮಾತಾಡಾಕತ್ತಾಳ್ರಿ!” ಎಂದು ಹಿರಿಯಾಕೆ ಕುಣಿದಳು, ಅತ್ತಳು, ನನ್ನ ಕುತ್ತಿಗೆಗೆ ಜೋತುಬಿದ್ದಳು. ಯಪ್ಪಾ ದೇವರೇ, ಎಂಥ ಹಗುರಾಯಿತು ಜೀವ! ನಮ್ಮ ಮನೆಯವರು ಪೇಟೆಗೆ ಹೋಗಿ ಪೇಢೆ ತಂದರು.

ಪೇಢೆ ಹಂಚುವಾಗ ನೋಡಿದರೆ ಹುಡುಗಿ ಇಲ್ಲ. ಮೇಲೆ ತನ್ನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಕೇಳಿದರೆ ಹೇಳಿದಳು: ಅವಳ ಅಣ್ಣ ಅದೇ ದಾರಿಯಲ್ಲಿ ಹೊಳ್ಳಿ ಮನೆಗೆ ಹೋಗಬೇಕು, ವೈರಿಯ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದನೆಂದು ಅವರದೇ ಕಡೆಯ ಬಂದೂಕಿನ ಹುಡುಗರು ಹಲ್ಲು ಕಡಿಯುತ್ತಿದ್ದಾರೆ, ಅವನ ಫೋನ್ ಹತ್ತುತ್ತಿಲ್ಲ. ನನ್ನ ಕೈಯಲ್ಲಿನ ಪೇಢೆ ಕೈಯಲ್ಲೇ ಉಳಿಯಿತು. ನಾವೆಲ್ಲ ತಾಯಿಯ ಬಗ್ಗೆ ಯೋಚಿಸಿದ್ದೆವು, ಅವಳನ್ನು ಒಯ್ದವನ ಬಗ್ಗೆ ಒಬ್ಬರೂ ಯೋಚಿಸಿರಲಿಲ್ಲ.

ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಹಿರಿಯಾಕೆ ಹೊಸ್ತಿಲಲ್ಲಿ ಸ್ವಲ್ಪ ನಿಂತಳು. ಆಮೇಲೆ ಒಳಗೆ ಹೋಗಿ ಹುಡುಗಿಯ ಪಕ್ಕ ಕೂತಳು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ತನ್ನ ಫೋನಿನಿಂದಲೂ ಅವನ ನಂಬರಿಗೆ ಹಚ್ಚುತ್ತಲೇ ಇದ್ದಳು.

ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ಫೋನ್ ರಿಂಗಾಯಿತು. ಅಣ್ಣ! ಮನೆ ಮುಟ್ಟಿದ್ದ. ದಾರಿಯಲ್ಲಿ ತಡೆದಿದ್ದರಂತೆ, ಬೈದಿದ್ದರಂತೆ, ಕಡೆಗೆ ಬಿಟ್ಟಿದ್ದರಂತೆ. ಹುಡುಗಿ ಅಳುತ್ತಲೇ ನಮಗೆ ಹೇಳಿದಳು, “ಬುಧವಾರ ಮತ್ತ ಹೋಗ್ತಾನಂತರಿ. ಗುಡ್ಡದ ಮ್ಯಾಲೆ ಯಾರೋ ಬಸುರಿ ಹೆಣ್ಮಗಳು ಅದಾಳಂತ.”

ಆ ಬಸುರಿ ಹಿರಿಯಾಕೆಯ ಕಡೆಯವಳೇ. ಆದರೂ ಹಿರಿಯಾಕೆ ಕಣ್ಣೊರೆಸಿಕೊಂಡು ಗದರಿದಳು:

“ಬುಧವಾರದ ಮಾತು ಬುಧವಾರ. ಮೊದಲ ಉಂಡು ಮಲ್ಕೋ ಅನ್ನು ನಮ್ಮಣ್ಣಗ.”