ಜುಂಜಕ್ಕ ನೀರುಣಿಸಿದ ರಸ್ತೆ

ನಮ್ಮ ಹಟ್ಟಿಯಲ್ಲಿ ಜುಂಜಕ್ಕನ ಬಾಯಿಗೆ ಹೆದರದವರು ಯಾರಿದ್ದಾರೆ ಹೇಳಿ? ಪಕ್ಕದ ಮನೆಯವಳಾದ ನಾನೇ ಹೆದರ್ತೀನಪ್ಪ. ಆದರೆ ಹೊಸ ಕಾಂಕ್ರೀಟ್ ರಸ್ತೆಗೆ ಅವಳು ನೀರು ಬಿಡುತ್ತಿದ್ದ ಬೆಳಗುಗಳನ್ನು ನೆನೆದರೆ ಈಗಲೂ ಕನಸಿನಂತಿರುತ್ತೆ. ತೆಂಗಿನ ಗರಿಗಳಿಂದ ಮಂಜು ತೊಟ್ಟಿಕ್ಕುತ್ತಿರುತ್ತಿತ್ತು. ರಸ್ತೆಗೆ ಹೊದಿಸಿದ ಗೋಣಿಚೀಲಗಳ ಮೇಲೆ ಪೈಪು ಹಿಡಿದು, ಏನೋ ಗುನುಗುತ್ತಾ, ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಹಗಲೆಲ್ಲ ಬೈಯೋ ಹೆಂಗಸು ಇವಳೇನಾ ಅನ್ನಿಸೋದು.

ಅವಳ ಗಂಡ ಮುದ್ದಣ್ಣ ತೆಂಗಿನ ಮರದಿಂದ ಬಿದ್ದು ಎರಡೂ ಕಾಲಿನ ಸ್ವಾಧೀನ ಕಳಕೊಂಡವನು. ವೀಲ್‌ಚೇರೇನೋ ಬಂತು, ಓಡಿಸೋದೆಲ್ಲಿ? ಹಿಂದಿನ ಸಲ ಹಾಕಿದ ರಸ್ತೆಗೆ ಯಾರೂ ನೆಟ್ಟಗೆ ನೀರು ಹಾಕಲಿಲ್ಲ. ಒಂದೇ ಬೇಸಿಗೆಗೆ ಮೇಲೆಲ್ಲ ಹಿಟ್ಟು ಹಿಟ್ಟಾಗಿ ಉದುರಿ, ಜಲ್ಲಿ ಎದ್ದು, ಗಾಲಿ ಸಿಕ್ಕಿಕೊಳ್ಳುತ್ತಿತ್ತು. ತೋಟ ಕೂಗಳತೆ ದೂರ. ಮುದ್ದಣ್ಣ ಬಾಗಿಲಲ್ಲಿ ಕೂತು ಮರದ ತುದಿಗಳನ್ನಷ್ಟೇ ನೋಡುತ್ತಿದ್ದ. ಈ ರಸ್ತೆಯೂ ಕೆಟ್ಟರೆ ಅವನು ತೋಟದ ಆಸೆಯನ್ನೇ ಬಿಡಬೇಕಿತ್ತು.

ಸಿಮೆಂಟು ಒಣಗಿ ಗಟ್ಟಿಯಾಗುತ್ತೆ ಅಂದುಕೊಂಡಿದ್ದೆವು ನಾವು. ಹಂಗಲ್ಲವಂತೆ. ನೀರು ಕುಡೀತಾ ಕುಡೀತಾ, ಆ ನೀರಿನ ಜೊತೆ ಬೆರೆತು ಗಟ್ಟಿಯಾಗೋದಂತೆ. ಬೇಗ ಒಣಗಿಸಿದರೆ ಅರೆಹೊಟ್ಟೆಯಲ್ಲೇ ನಿಂತುಬಿಡುತ್ತೆ ಅಂತ ಮೇಸ್ತ್ರಿ ಹೇಳಿ ಹೋಗಿದ್ದ.

ಎದುರುಮನೆ ಹುಚ್ಚಣ್ಣ ಕೇಳಬೇಕಲ್ಲ! ರಸ್ತೆ ಬೆಳ್ಳಗಾದದ್ದೇ ತಡ, ಗೋಣಿ ಸರಿಸಿ ಹುರುಳಿ ಗಿಡ ಹರಡೋಕೆ ಬಂದ.

"ಒಳ್ಳೆ ಕಣ ಆಗ್ತದೆ ಕಣವ್ವ. ಆಗ್ಲೇ ಕಲ್ಲಂಗಾಗೈತೆ, ಇನ್ಯಾಕೆ ನೀರು?"

"ಹುರುಳೀನ ನಿನ್ ತಲೆ ಮೇಲೆ ಒಣಗಿಸ್ಕೋ ಹೋಗಣ್ಣ! ಇನ್ನೂ ಹಸಿಗೂಸು ಇದು!" ಅಂತ ಜುಂಜಕ್ಕ ಪೈಪನ್ನು ಅವನ ಕಡೆಗೇ ತಿರುಗಿಸಿದಳು. ಪುಣ್ಯಾತ್ಮ ಹೊರೆ ಹೊತ್ಕೊಂಡು ಓಡಿದ. ನಕ್ಕೂ ನಕ್ಕೂ ನನಗೆ ಹೊಟ್ಟೆನೋವು.

ಗೋಣಿ ತೆಗೆಸಿ ಓಡಾಟಕ್ಕೆ ಬಿಟ್ಟ ಮಾರನೆ ಬೆಳಿಗ್ಗೆ ಜುಂಜಕ್ಕ ಮುದ್ದಣ್ಣನನ್ನು ಅಂಗಳದಲ್ಲಿ ವೀಲ್‌ಚೇರಿನಲ್ಲಿ ಕೂರಿಸಿ ಹಾಲು ಕರೆಯೋಕೆ ಹೋಗಿದ್ದಳು. ಬಂದು ನೋಡಿದರೆ ಅವನಿಲ್ಲ. "ಅಯ್ಯೋ ನನ್ ದೇವ್ರೇ!" ಅಂತ ಓಡಿದಳು, ನಾನೂ ಹಿಂದೆ. ಮಂಜಿನಲ್ಲಿ ಅವನು ಗಾಲಿ ತಳ್ಳಿಕೊಂಡು ಸದ್ದಿಲ್ಲದೆ ತೇಲಿ ಹೋಗುತ್ತಿದ್ದಂತೆ ಕಂಡ. ಜುಂಜಕ್ಕ ಹಿಡಿಕೆಗೆ ಕೈ ಹಾಕಿದಳು.

"ಬುಡೇ, ನಾನೇ ಹೋಗ್ತೀನಿ."

ವರ್ಷಗಟ್ಟಲೆ ಅವನನ್ನು ಎತ್ತಿ ಇಳಿಸಿದ ಕೈ ಅದು. ಬಿಟ್ಟಳು. ಅವನು ಮರಗಳ ನಡುವೆ ಮರೆಯಾದ.

"ನನ್ನೂ ಬೇಡ ಅಂದ ಕಣೇ ವನಿತಾ, ಒಬ್ನೇ ಹೋದ," ಅನ್ನುತ್ತಾ, ನಗುತ್ತಾ ಅಳುತ್ತಾ, ನಡುರಸ್ತೆಯಲ್ಲೇ ಕೂತುಬಿಟ್ಟಳು.