ಹ್ಯಾಂಗರಿನ ಸುತ್ತಳತೆ

"ಬಡಿಸೋ ಹಾಗೆ ಸ್ವಲ್ಪ ಬಗ್ಗಿ ತೋರಿಸಪ್ಪ" ಎಂದರು ಹೋಟೆಲ್ ಮ್ಯಾನೇಜರು.

ಅವರ ಸಪ್ಲೈಯರುಗಳಿಗೆ ನಲವತ್ತು ಕೋಟು ಹೊಲಿಯಬೇಕಿತ್ತು. ಮಾದರಿಗೆಂದು ಹೊಲಿದ ಮೊದಲ ಕೋಟು ಹ್ಯಾಂಗರಿನ ಮೈಮೇಲಿತ್ತು. ಹ್ಯಾಂಗರ್ ಎಂದರೆ ಗೂಟಕ್ಕೆ ಸಿಕ್ಕಿಸುವ ವಸ್ತುವಲ್ಲ, ಅಂಗಡಿಯ ಎರಡನೇ ಮಿಷನ್ನಿನ ಮುಂದೆ ಹದಿನಾರು ವರ್ಷದಿಂದ ಕೂತಿರುವ ದರ್ಜಿ. ಅವನು ಅಲ್ಲಿಲ್ಲದ ತಟ್ಟೆಯೊಂದನ್ನು ಎರಡು ಕೈಯಲ್ಲಿ ಹಿಡಿದು, ಅಲ್ಲಿಲ್ಲದ ಗಿರಾಕಿಯ ಮುಂದೆ ಭಕ್ತಿಯಿಂದ ಬಗ್ಗಿದ. ಟಪ್ ಎಂದಿತು. ಹೊಟ್ಟೆಯ ಮೇಲಿನ ಗುಂಡಿ ಹಾರಿ, ಗುರಿಯಿಟ್ಟು ಎಸೆದ ಹಾಗೆ, ಮ್ಯಾನೇಜರ ಕೈಯಲ್ಲಿದ್ದ ಚಹಾದ ಲೋಟಕ್ಕೆ ಬಿತ್ತು.

ಮ್ಯಾನೇಜರು ಲೋಟದೊಳಗೆ ಇಣುಕಿದರು. "ನಮ್ಮಲ್ಲಿ ಹೀಗಾದ್ರೆ ಗಿರಾಕಿಯ ಸೂಪಿನಲ್ಲಿ ಬೀಳುತ್ತೆ."

"ದಾರ ಸಡಿಲ ಇತ್ತು ಅನ್ಸುತ್ತೆ ಸಾರ್" ಎಂದ ಹ್ಯಾಂಗರ್. ಗುಂಡಿ ಹೊಲಿದವನು ಅವನೇ. ನಾಲ್ಕು ಸಲ ಸುತ್ತಿ ಗಂಟು ಹಾಕಿದ್ದ. ಆ ದಾರದಲ್ಲಿ ಎಮ್ಮೆ ಕಟ್ಟಬಹುದಿತ್ತು.

"ದಾರ ಅಲ್ಲ, ಕೋಟೇ ಬಿಗಿ" ಎಂದಳು ಕಟಿಂಗ್ ಅಕ್ಕ. ಅವಳು ಕತ್ತರಿ ಕೆಳಗಿಟ್ಟು ಬಂದು, ಅವನ ಬಗಲಿನಲ್ಲಿ, ಸೊಂಟದಲ್ಲಿ ಚಾಕ್‌ಪೀಸಿನಿಂದ ಗೀಟು ಎಳೆದಳು. "ಬಟ್ಟೆ ಕತ್ತರಿಸೋ ನನ್ನ ಅಚ್ಚೇ ಎಲ್ಲೋ ಸಣ್ಣ ಆಗಿದೆ. ಹಳೇ ರಟ್ಟು, ಅಂಚು ಸವೆದಿರಬೇಕು. ದೊಡ್ಡದು ಮಾಡ್ಕೋತೀನಿ, ಬಿಡಿ."

ಹ್ಯಾಂಗರ್ ಬಾಯಿ ತೆರೆದ. ಮುಚ್ಚಿಕೊಂಡ. ಬಾಯಿ ಮುಚ್ಚಿದ ಆ ಒಂದು ಗಳಿಗೆಗೆ ಅವನು ಆಮೇಲೆ ಪಟ್ಟ ನಾಚಿಕೆ ಅಷ್ಟಿಷ್ಟಲ್ಲ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹದಿನಾರು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ದಿನ ಕಟಿಂಗ್ ಅಕ್ಕ ಅವನ ಎದೆಗೆ ಟೇಪು ಸುತ್ತಿದಳು. ಸರಿಯಾಗಿ ಮೂವತ್ತಾರು. ಅಗಲ ಭುಜ, ನೆಟ್ಟಗಿನ ಬೆನ್ನು, ಮೈಮೇಲೆ ಮಾಂಸವೆಂಬುದು ಹೆಸರಿಗೂ ಇಲ್ಲ. ಏನು ತೊಡಿಸಿದರೂ ಹೊಲಿಗೆಯ ತಪ್ಪು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. "ನೀನು ಮನುಷ್ಯ ಅಲ್ಲ ಕಣೋ, ಹ್ಯಾಂಗರು" ಎಂದಳು. ಹೆಸರು ಅಂದೇ ಅಂಟಿತು. ಅಲ್ಲಿಂದಾಚೆಗೆ ಅಂಗಡಿಯಲ್ಲಿ ಮೂವತ್ತಾರು ಎಂದರೆ ಅವನ ಮೈ. ರಟ್ಟಿನ ಅಚ್ಚಿನಂತೆ ಹೊಲಿದದ್ದನ್ನು ಅವನಿಗೆ ತೊಡಿಸಿ ನೋಡಿ ಅಚ್ಚು ತಿದ್ದುವುದು, ಮೂವತ್ತೆಂಟು, ನಲವತ್ತು ಎಲ್ಲವನ್ನೂ ಆ ಅಚ್ಚಿಗೆ ಇಂಚು ಕೂಡಿಸಿ ಕತ್ತರಿಸುವುದು. ಅವನಿಗೆ ಮತ್ತೆ ಯಾರೂ ಟೇಪು ಹಿಡಿಯಲಿಲ್ಲ. ಗಜಕೋಲನ್ನು ಯಾರಾದರೂ ಅಳೆಯುತ್ತಾರೆಯೇ?

ಅವನು ಅಷ್ಟು ವರ್ಷ ಬಡಕಲಾಗಿ ಉಳಿದದ್ದರ ಗುಟ್ಟು ಮಾತ್ರ ಹೊಟ್ಟೆಯೊಳಗಿತ್ತು. ತಿಂದರೆ ಉಬ್ಬರ, ತಿಂದ ಮೇಲೆ ಓಟ. ಮಿಷನ್ನಿನಿಂದ ಕಕ್ಕಸಿಗೆ ಇರುವ ಇಪ್ಪತ್ತೆರಡು ಹೆಜ್ಜೆಯನ್ನು ಅವನು ಕಣ್ಣು ಮುಚ್ಚಿಯೂ ನಡೆಯಬಲ್ಲವನಾಗಿದ್ದ. ಕೊನೆಗೊಂದು ದಿನ ತಲೆಸುತ್ತಿ ಮಿಷನ್ನಿನ ಮೇಲೆಯೇ ಬಿದ್ದಾಗ ಡಾಕ್ಟರು ರಕ್ತ ತೆಗೆದು, ಗಂಟಲಲ್ಲಿ ಕೊಳವೆ ಇಳಿಸಿ ನೋಡಿ, ಸೀಲಿಯಾಕ್ ಎಂದರು. "ಗೋಧಿ, ಬಾರ್ಲಿಯಲ್ಲಿರೋ ಗ್ಲುಟನ್ನು ನಿಮ್ಮ ಕರುಳಿಗೆ ಆಗಿಬರಲ್ಲ. ಇನ್ನು ಜೀವಮಾನಪೂರ್ತಿ ಅದರ ಚೂರೂ ಬಾಯಿಗೆ ಹಾಕಬೇಡಿ."

ಅವನು ಅಂಗಡಿಗೆ ಬಂದು ಈ ಸುದ್ದಿಯನ್ನು ಮರಣಶಾಸನ ಓದುವವನ ಹಾಗೆ ಓದಿದ. ನಾಲ್ಕು ಗಂಟೆಯ ಚಹಾದ ಜೊತೆ ಬರುತ್ತಿದ್ದ ಬನ್ನನ್ನು ಎಡಗೈಯಲ್ಲಿ ದೂರ ಸರಿಸಿ, "ನನ್ನ ಋಣ ಮುಗೀತು, ನೀವು ತಿನ್ನಿ" ಎಂದ. ಅಂಗಡಿಯ ಯಜಮಾನರು ಬನ್ನು ಬಾಯಲ್ಲಿಟ್ಟುಕೊಂಡು ನುಂಗಲಾರದೆ ಒದ್ದಾಡಿದರು. ಕಟಿಂಗ್ ಅಕ್ಕನಂತೂ ಮರುದಿನದಿಂದಲೇ ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ತಂದು ಅವನ ಮಿಷನ್ನಿನ ಮೇಲಿಡಲು ಶುರುಮಾಡಿದಳು. "ಒಣಗಿ ಹೋಗ್ತೀಯ ಕಣೋ, ತಿನ್ನು."

ಅವನು ಒಣಗಲಿಲ್ಲ.

ಎಷ್ಟೋ ವರ್ಷ ಒಳಗೆ ಹೋದದ್ದೆಲ್ಲ ಬಾಡಿಗೆ ಮನೆಗೆ ಬಂದವರ ಹಾಗೆ ಬಂದು ಹೋಗುತ್ತಿತ್ತು. ಅದಕ್ಕೇ ಅವನಿಗೆ ಮೂರು ಜನರ ಊಟ ಮಾಡುವ ಅಭ್ಯಾಸ. ಈಗ ಕರುಳು ರಿಪೇರಿಯಾಯಿತು, ತಿಂದದ್ದು ಮೈಗೆ ಹತ್ತತೊಡಗಿತು. ಅಭ್ಯಾಸ ಮಾತ್ರ ಮೂರು ಜನರದ್ದೇ ಉಳಿಯಿತು. ಸಾಲದ್ದಕ್ಕೆ ಗೋಧಿಯಿಲ್ಲದ ಬಿಸ್ಕತ್ತೆಂದು ಒಂದು ಡಬ್ಬಿ ತರುತ್ತಿದ್ದ. ಗೋಧಿ ಖಾಲಿ ಮಾಡಿದ ಜಾಗವನ್ನೆಲ್ಲ ಅದರಲ್ಲಿ ಸಕ್ಕರೆ, ಬೆಣ್ಣೆ ಬಂದು ತುಂಬಿಕೊಂಡಿದ್ದವು. ಔಷಧಿ ತಿನ್ನುವವನ ಮುಖ ಮಾಡಿಕೊಂಡು ಕೂತಲ್ಲೇ ಅರ್ಧ ಡಬ್ಬಿ ಮುಗಿಸುತ್ತಿದ್ದ. ಏಳು ತಿಂಗಳಲ್ಲಿ ಐವತ್ತೆರಡು ಕಿಲೋ ಅರವತ್ತಾರಾಯಿತು.

"ಒಳ್ಳೇದೇ, ಬೇಕಾದ ತೂಕ ಬಂತು" ಎಂದರು ಡಾಕ್ಟರು. "ಆದ್ರೆ ಇನ್ನು ಸ್ವಲ್ಪ ಬಾಯಿ ಕಟ್ಟಿ. ಆ ಬಿಸ್ಕತ್ತು ಔಷಧಿ ಅಲ್ಲ."

ಒಳ್ಳೆಯದೆಂದು ಡಾಕ್ಟರೇ ಹೇಳಿದ ಮೇಲೆ ನಾಚಿಕೆ ಯಾಕೆ? ಅದು ಅವನಿಗೂ ಗೊತ್ತಿರಲಿಲ್ಲ. ಕಾಯಿಲೆಯವನೆಂದು ಅಷ್ಟು ಜನರ ಕನಿಕರ ಉಂಡು ಈಗ ಹೊಟ್ಟೆ ಬಿಟ್ಟುಕೊಂಡು ನಿಂತರೆ, ಸಾಯುತ್ತೇನೆಂದು ಎಲ್ಲರನ್ನೂ ಕರೆಸಿಕೊಂಡವನು ಎದ್ದು ಕೂತು ಕಾಫಿ ಕೇಳಿದ ಹಾಗಾಗುತ್ತದಲ್ಲ! ಹಾಗಾಗಿ ಯಾರಾದರೂ "ಕೆನ್ನೆ ತುಂಬಿದೆ" ಎಂದರೆ "ಮಾತ್ರೆಗೆ ಊದಿದೆ" ಎನ್ನುತ್ತಿದ್ದ. ಅಂಗಡಿಯಲ್ಲಿ ದೊಗಳೆ ಅಂಗಿ ಹಾಕಿ ಉಸಿರು ಬಿಗಿಹಿಡಿದು ಓಡಾಡುತ್ತಿದ್ದ. ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದ. ಒಂದು ದಿನ ಹೆಂಡತಿ ಹೊರಗಿನಿಂದಲೇ ಕೂಗಿದಳು: "ರೀ, ಆ ಪ್ಯಾಂಟಲ್ಲಿ ಇನ್ನು ಬಿಡೋಕೆ ಬಟ್ಟೆ ಇಲ್ಲ. ನೀವೇ ಏನಾದ್ರೂ ಬಿಡಬೇಕು!"

ದಿನಾ ಕಣ್ಣೆದುರಿಗಿದ್ದವನು ದಿನಕ್ಕೊಂದು ಕೂದಲೆಳೆಯಷ್ಟು ದಪ್ಪವಾದರೆ ಯಾರಿಗೆ ಕಾಣುತ್ತದೆ? ಕಟಿಂಗ್ ಅಕ್ಕ ತನ್ನ ರಟ್ಟನ್ನು ಅನುಮಾನಿಸಿದಳೇ ಹೊರತು ಹ್ಯಾಂಗರನ್ನಲ್ಲ. ಚಾಕ್‌ಪೀಸಿನ ಗೀಟಿನ ಪ್ರಕಾರ ಅಚ್ಚು ದೊಡ್ಡದಾಯಿತು, ಅದರ ಹಿಂದೆ ಎಲ್ಲ ಅಳತೆಗಳೂ ದೊಡ್ಡವಾದವು. ನಲವತ್ತು ಕೋಟು ಹೊಲಿದು, ಇಸ್ತ್ರಿ ಮಾಡಿ, ಕಳಿಸಿದ್ದೂ ಆಯಿತು.

ಗುರುವಾರ ಅಷ್ಟೂ ವಾಪಸು ಬಂದವು. ಮ್ಯಾನೇಜರು ಒಂದನ್ನು ಹಾಕಿಕೊಂಡೇ ಬಂದಿದ್ದರು. ಅದರೊಳಗೆ ಇನ್ನೊಬ್ಬ ಮ್ಯಾನೇಜರಿಗೆ ಜಾಗವಿತ್ತು.

ಯಜಮಾನರು ಕೂಗಾಡುವವರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೋಟಿನ ಮಡಿಕೆಯನ್ನು ಬೆರಳಲ್ಲಿ ಹಿಡಿದು ನೋಡಿ, ತಲೆ ತಗ್ಗಿಸಿಯೇ ಹೇಳಿದರು: "ಅಕ್ಕಾ, ಮೂವತ್ತು ವರ್ಷ ಕತ್ತರಿ ಹಿಡಿದಿದೀರ. ಕಣ್ಣಿಗೂ ವಯಸ್ಸಾಗುತ್ತೆ. ಸೋಮವಾರದಿಂದ ನೀವು ಕಾಜಾ, ಗುಂಡಿ ನೋಡ್ಕೊಳ್ಳಿ. ಕಟಿಂಗಿಗೆ ಬೇರೆ ಯಾರನ್ನಾದರೂ ಇಡ್ತೀನಿ."

ಅಕ್ಕ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟಳು.

ಹ್ಯಾಂಗರಿನ ಮಿಷನ್ನು ಜೋರಾಗಿ ಓಡುತ್ತಿತ್ತು. ಅದರಲ್ಲಿ ಬಟ್ಟೆ ಇರಲಿಲ್ಲ.

ಈಗ ಹೇಳೋಣ, ಚಹಾ ಆದಮೇಲೆ ಹೇಳೋಣ, ಅಕ್ಕ ಒಬ್ಬಳೇ ಇದ್ದಾಗ ಹೇಳೋಣ ಎನ್ನುತ್ತಲೇ ಅವನು ಗುರುವಾರ ಕಳೆದ. ಶುಕ್ರವಾರ ಅವಳು ಟೇಪು ಹಿಡಿದು ಅವನ ಬಳಿ ಬಂದಳು. "ಲೋ, ಇಲ್ಲಿ ಎಷ್ಟಿದೆ ಓದೋ?"

"ಇಪ್ಪತ್ತೇಳು ಅಕ್ಕ."

"ನನಗೂ ಇಪ್ಪತ್ತೇಳೇ ಕಾಣುತ್ತೆ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿದಳು. "ಬೆಳಿಗ್ಗೆ ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬಂದೆ. ನಂಬರು ಬದಲಾಗಿಲ್ಲ ಅಂದ. ಅವನಿಗೇ ಸರಿಯಾಗಿ ಕಾಣಲ್ವೋ ಏನೋ." ಹಾಗೆಂದು, ಎಂದಿನ ಹಾಗೆ ಎರಡು ಮೊಟ್ಟೆಯನ್ನು ಅವನ ಮಿಷನ್ನಿನ ಮೇಲಿಟ್ಟು ಹೋದಳು.

ಅವನು ಆ ಮೊಟ್ಟೆಗಳನ್ನು ನೋಡಿದ. ಅವು ಎರಡು ಬಿಳಿ ಕಣ್ಣುಗಳ ಹಾಗೆ ಅವನನ್ನು ನೋಡಿದವು. ಅಂದು ಅವನು ಅವನ್ನು ಮುಟ್ಟಲೇ ಇಲ್ಲ. ಏಳು ತಿಂಗಳಲ್ಲಿ ಅದೇ ಮೊದಲು.

ಶನಿವಾರ ಮಧ್ಯಾಹ್ನ ಯಜಮಾನರು ಒಬ್ಬ ಹೊಸ ಕಟರನ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತಿದ್ದರು. ಹ್ಯಾಂಗರ್ ಎದ್ದು ನಿಂತ. ದೊಗಳೆ ಅಂಗಿಯನ್ನು ಬಿಚ್ಚಿ ಮಿಷನ್ನಿನ ಮೇಲಿಟ್ಟು, ಬನೀನಿನಲ್ಲಿ ಕಟಿಂಗ್ ಮೇಜಿನ ಮುಂದೆ ಹೋಗಿ ಕೈ ಅಗಲಿಸಿದ.

"ಅಕ್ಕಾ, ನನ್ನ ಅಳತೆ ತಗೊಳ್ಳಿ."

"ನಿಂದೇನೋ ಅಳೆಯೋದು? ಮೂವತ್ತಾರು."

"ತಗೊಳ್ಳಿ ಅಕ್ಕ."

ಅವಳು ಟೇಪು ಸುತ್ತಿದಳು. ಓದಿದಳು. ಮತ್ತೆ ಬಿಚ್ಚಿ ಸುತ್ತಿದಳು. ಅವಳ ಮುಖ ಬಿಳಿಚಿಕೊಂಡಿತು. "ಯಜಮಾನ್ರೇ, ನೀವು ಹೇಳಿದ್ದು ನಿಜ. ನನ್ನ ಕಣ್ಣು ಹೋಗಿದೆ. ಇವನದ್ದು ಮೂವತ್ತೊಂಬತ್ತು ಕಾಣ್ತಿದೆ!"

ಯಜಮಾನರು ಫೋನು ಇಟ್ಟು ಬಂದರು, ಬಗ್ಗಿ ಓದಿದರು. "ಮೂವತ್ತೊಂಬತ್ತೇ ಇದೆ."

"ಸೊಂಟನೂ ನೋಡಿ" ಎಂದ ಹ್ಯಾಂಗರ್, ಗೋಡೆ ನೋಡುತ್ತ.

"ಉಸಿರು ಬಿಡೋ!"

ಅವನು ಬಿಟ್ಟ. ಏಳು ತಿಂಗಳಿಂದ ಹಿಡಿದಿಟ್ಟ ಉಸಿರು. ಟೇಪು ಅಕ್ಕನ ಬೆರಳಿನಿಂದ ಜಾರಿ ಸರಸರ ಮುಂದೆ ಹೋಯಿತು.

"ರಟ್ಟು ಸರಿ ಇತ್ತು ಅಕ್ಕ. ದಾರನೂ ಸರಿ ಇತ್ತು. ಗೋಧಿ ಬಿಟ್ಟ ಮೇಲೆ ಹದಿನಾಲ್ಕು ಕಿಲೋ ಜಾಸ್ತಿ ಆಗಿದೀನಿ. ಹೇಳೋಕೆ ನಾಚಿಕೆ ಆಯ್ತು."

ಮೊದಲ ಮಿಷನ್ನಿನ ಗಡ್ಡದವನು ಕೆಮ್ಮಿನಂಥ ಏನನ್ನೋ ತಡೆದುಕೊಂಡ.

"ನಾನು ಕಣ್ಣಿನವನ ಹತ್ರ ಹೋಗಿ ಬಂದೆ ಕಣೋ" ಎಂದಳು ಅಕ್ಕ. ಮೆಲ್ಲಗೆ. "ಮನೆಯಲ್ಲಿ ಅಕ್ಕಿಕಾಳು ಹರಡ್ಕೊಂಡು ಎಣಿಸಿ ನೋಡ್ದೆ. ರಾಕ್ಷಸ."

"ಹೌದು ಅಕ್ಕ."

"ನಾನೇ ಮೊಟ್ಟೆ ತಿನ್ಸಿ ನಾನೇ ಕಾಜಾ ಹಾಕೋಕೆ ಕೂರ್ತಿದ್ದೆ!"

"ಹೌದು ಅಕ್ಕ. ನಲವತ್ತನ್ನೂ ನಾನೇ ಬಿಚ್ಚಿ ಹೊಲೀತೀನಿ."

"ಹೊಲೀದೆ ಇನ್ನೇನು, ನಿನ್ನ ತಾತ ಬಂದು ಹೊಲೀತಾನಾ?"

ಯಜಮಾನರು ಒಮ್ಮೆ ಅವನ ಹೊಟ್ಟೆ ನೋಡಿದರು, ಒಮ್ಮೆ ಅಕ್ಕನ ಮುಖ ನೋಡಿದರು. ತಪ್ಪಾಯಿತೆಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕತ್ತರಿಯನ್ನು ಎತ್ತಿ, ಹಿಡಿಕೆ ಅವಳ ಕಡೆಗೆ ಮಾಡಿ ಕೊಟ್ಟರು. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಅಷ್ಟು ಹೊತ್ತು ಅವರ ಕೈ ಗಾಳಿಯಲ್ಲೇ ಇತ್ತು. ಆಮೇಲೆ ತೆಗೆದುಕೊಂಡಳು.

ಬಳಿಕ ಅಳತೆ ಪುಸ್ತಕ ತೆರೆದು, ಗಿರಾಕಿಗಳ ಸಾಲಿನಲ್ಲಿ ಹ್ಯಾಂಗರ್ ಎಂದು ಬರೆದು, 'ಎದೆ' ಎಂದಿದ್ದ ಕಡೆ ಪೆನ್ನು ಊರಿದಳು. ಯಜಮಾನರು ಮೇಜಿಗೆ ಕೈಯೂರಿ ಕೇಳಿದರು: "ಈಗಲಾದ್ರೂ ನಿಜ ಹೇಳಪ್ಪ. ಇದೇ ಕೊನೇ ಅಳತೆಯಾ, ಇನ್ನೂ ಮುಂದಕ್ಕೆ ಹೋಗುತ್ತಾ?"

ಹ್ಯಾಂಗರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಂದು ಕ್ಷಣ ಯೋಚಿಸಿದ.

"ಪೆನ್ಸಿಲ್ಲಿನಲ್ಲಿ ಬರ್ಕೊಳ್ಳಿ ಅಕ್ಕ."