ಐದು ವೋಲ್ಟ್ ಎಲ್ಲಿ ಹೋಯಿತು

2023ರ ಕಾರ್ತಿಕ ಮಾಸ. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಮುಂಭಾಗವೇ ನನ್ನ ಯಜಮಾನರ ಕಾರ್ ಗ್ಯಾರೇಜ್. ನಾನು ಗೃಹಿಣಿ. ಆದರೆ ಕಾನ್ವೆಂಟಿನ ಇಂಗ್ಲಿಷ್ ಇದ್ದುದರಿಂದ ಸ್ಕ್ಯಾನರ್ ತೋರಿಸುವ ಸಾಲುಗಳನ್ನು ಓದುವುದು, ವೈರಿಂಗ್ ನಕ್ಷೆ ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಒಲೆಯ ಮೇಲೆ ಸಾರು ಕುದಿಯಲು ಇಟ್ಟು, ಕೈ ಒರೆಸಿಕೊಂಡು ಹೊರಗೆ ಬಂದು ಓದುತ್ತಿದ್ದೆ.

ಆ ದಿನ ಬೆಳಿಗ್ಗೆ ಒಂದು ಡೀಸೆಲ್ ಕಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಕಾರು ಸಿದ್ದರಾಜುವಿನದು, ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಹಿಂದಿನ ಸೀಟಿನಲ್ಲಿ ಅವನ ತಾಯಿ ಪುಟ್ಟಮ್ಮ. ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಚಾಮರಾಜನಗರದಲ್ಲಿ ಡಯಾಲಿಸಿಸ್. ಹಿಂದಿನ ಸರದಿ ತಪ್ಪಿದ್ದೂ ಇದೇ ಕಾರು ದಾರಿಯಲ್ಲಿ ನಿಂತದ್ದರಿಂದ. ಆಕೆಯ ಮುಖ ಊದಿಕೊಂಡಿತ್ತು. ಬಳೆಗಳು ಮುಂಗೈಯೊಳಗೆ ಹೂತಿದ್ದವು. ಹನ್ನೆರಡು ಗಂಟೆಯೊಳಗೆ ಅಲ್ಲಿಗೆ ತಲುಪದಿದ್ದರೆ ಡಯಾಲಿಸಿಸ್ ಮೆಷಿನ್ ಬೇರೆ ರೋಗಿಗೆ ಹೋಗುತ್ತದೆ.

ಬೇರೆ ಕಾರಿಗೆ ಫೋನ್ ಮಾಡಿದೆವು. ಅಂದು ದೊಡ್ಡ ಲಗ್ನ. ಊರಿನ ಬಾಡಿಗೆ ಗಾಡಿಗಳೆಲ್ಲ ಮದುವೆ ದಿಬ್ಬಣಗಳಿಗೆ ಹೋಗಿದ್ದವು. ಆಂಬುಲೆನ್ಸ್ ಒಂದು ಅಪಘಾತದ ಕಡೆ ಹೋಗಿತ್ತು, ಯಾವಾಗ ಬರುತ್ತದೋ ಹೇಳಲಾರೆವೆಂದರು.

"ಅಕ್ಕಾ, ಇವತ್ತೂ ತಪ್ಪುದ್ರೆ ನಮ್ಮವ್ವ ಉಳಿಯಕ್ಕಿಲ್ಲ," ಎಂದ ಸಿದ್ದರಾಜು, ನನ್ನ ಮುಖ ನೋಡದೆ.

ಸ್ಕ್ಯಾನರ್ ಮೊದಲು ದೂರಿದ್ದು ಇಜಿಆರ್ ವಾಲ್ವ್ ಮೇಲೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸಿ, ಹೊರಗೆ ಬೀಳುವ ವಿಷಾನಿಲ ತಗ್ಗಿಸುವ ಭಾಗ ಅದು. ಸಿದ್ದರಾಜು ಇನ್ನೊಂದು ಗ್ಯಾರೇಜಿನಲ್ಲಿ ಆ ವಾಲ್ವನ್ನು ಆಗಲೇ ಹೊಸದು ಹಾಕಿಸಿದ್ದ. ಅದರ ಜೊತೆಗೆ ಆಕ್ಸಿಲರೇಟರ್ ಸೆನ್ಸರ್, ಡೀಸೆಲ್ ಒತ್ತಡದ ಸೆನ್ಸರ್ ಕೂಡ ದೂರು ಹೇಳುತ್ತಿದ್ದವು. ನಕ್ಷೆ ನೋಡಿದೆ. ಒಂದೇ ನಲ್ಲಿಯಿಂದ ಮೂರು ಮನೆ ನೀರು ಹಿಡಿದಂತೆ, ಮೂರಕ್ಕೂ ಒಂದೇ ಐದು ವೋಲ್ಟಿನ ತಂತಿ. ಮೀಟರ್ ಇಟ್ಟರೆ ಅಲ್ಲಿ ಒಂದು ವೋಲ್ಟೂ ಸರಿಯಾಗಿ ಇಲ್ಲ.

ಕೆಟ್ಟ ಸೆನ್ಸರನ್ನು ಕಳಚಿದರೆ ವೋಲ್ಟ್ ಮರಳಬೇಕು. ಯಜಮಾನರು ಒಂದೊಂದಾಗಿ ಮೂರನ್ನೂ ಕಳಚಿದರು. ಮರಳಲಿಲ್ಲ. ಉಳಿದದ್ದು ಇಸಿಯು ಮಾತ್ರ, ಕಾರಿನ ಮೆದುಳು. ಅದು ಮೈಸೂರಿನಿಂದ ಬರಬೇಕು. ಅವರು ಟೈರಿನ ಮೇಲೆ ಕುಳಿತುಬಿಟ್ಟರು.

"ಇಸಿಯು ಓಗ್ಬುಟ್ಟದೆ ಕಣಮ್ಮಿ. ಇವತ್ತಿಗೆ ಆಗಾಕಿಲ್ಲ."

ಒಳಗೆ ನಮ್ಮ ನಡುಮನೆಯಲ್ಲಿ ದಿಂಬಿಗೆ ಒರಗಿದ್ದ ಪುಟ್ಟಮ್ಮ ನೀರು ಕೇಳುತ್ತಿದ್ದರು. ಕಿಡ್ನಿ ಕೆಟ್ಟವರಿಗೆ ನೀರು ಲೆಕ್ಕದಷ್ಟೇ, ಕೇಳಿದಾಗ ಕೊಡುವಂತಿಲ್ಲ. ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದೆ. "ಒಂದ್ ಗುಟುಕು ಕೊಡು ಮಗ, ಸಾಯೋರ್ಗೆ ಲೆಕ್ಕ ಯಾಕೆ," ಎಂದರು. ಮಾತಿನ ನಡುವೆ ಎರಡು ಸಲ ಉಸಿರು ಕಟ್ಟಿತು.

ಮತ್ತೆ ಆಂಬುಲೆನ್ಸಿಗೆ ಫೋನ್ ಮಾಡುತ್ತಾ ಬಾನೆಟ್ ಪಕ್ಕ ನಿಂತಿದ್ದೆ. ಕಪ್ಪು ತಂತಿಯೊಂದರ ಮೇಲೆ ಸಣ್ಣ ಇರುವೆಗಳ ಸಾಲು ಹೊರಟಿತ್ತು. ಅವು ಕಳಚಿ ಬಿಟ್ಟಿದ್ದ ಇಜಿಆರ್ ಪ್ಲಗ್ಗಿನ ಬಾಯಿಯೊಳಗೆ ಹೋಗಿ ಹೊರಗೆ ಬರುತ್ತಿದ್ದವು. ಅಡುಗೆಮನೆಯಲ್ಲಿ ಈ ಸಾಲು ಕಂಡರೆ ನಾನು ಬೆಲ್ಲದ ಡಬ್ಬಿ ನೋಡುತ್ತೇನೆ. ಎಂಜಿನ್ನಿನಲ್ಲಿ ಬೆಲ್ಲ ಎಲ್ಲಿಂದ ಬರಬೇಕು?

"ರೀ, ಈ ಪ್ಲಗ್ಗಿನೊಳಗೆ ಏನೋ ಸಿಹಿ ಇದೆ."

"ಇರ್ವೆ ಕೈಗೂ ಸ್ಕ್ಯಾನರ್ ಕೊಟ್ಟಿದ್ದೀಯಾ," ಎಂದು ಗೊಣಗುತ್ತಲೇ ಎದ್ದು ಬಂದು ಟಾರ್ಚ್ ಬಿಟ್ಟರು. ಆಮೇಲೆ ಗೊಣಗಲಿಲ್ಲ. ಪ್ಲಗ್ಗಿನ ರಬ್ಬರ್ ಸೀಲ್ ಬಿರುಕು ಬಿಟ್ಟಿತ್ತು. ಒಳಗೆ ಪಿನ್ನುಗಳ ನಡುವೆ ಹಸಿರು ಕಿಲುಬು ಅಂಟಂಟಾಗಿ ಸೇತುವೆ ಕಟ್ಟಿತ್ತು. ಐದು ವೋಲ್ಟ್ ಅಲ್ಲೇ ಸೋರಿಹೋಗುತ್ತಿತ್ತು. ವಾಲ್ವ್ ಹೊಸದು, ಪ್ಲಗ್ ಮಾತ್ರ ಹಳೆಯದು. ಸೆನ್ಸರ್ ಕಳಚಿದರೂ ರೋಗ ತಂತಿಯ ಕಡೆಯೇ ಉಳಿದಿತ್ತು.

ಇಲ್ಲಿ ಏನು ಚೆಲ್ಲಿತ್ತೆಂದು ಸಿದ್ದರಾಜುವನ್ನು ಕೇಳಿದೆವು. ಮನೆಯಲ್ಲಿ ಕಾರಿಗೆ ಆಯುಧಪೂಜೆ ಮಾಡಿದ್ದು ನಿಜ, ಆದರೆ ಕಾಯಿ ಒಡೆದದ್ದು ಚಕ್ರದ ಹತ್ತಿರ ಎಂದ. ಉತ್ತರ ಬಂದದ್ದು ನಡುಮನೆಯಿಂದ, ಪುಟ್ಟಮ್ಮನ ಬಾಯಲ್ಲಿ.

"ನಾನೇ ಕಣ್ಲಾ ಉಯ್ದುದ್ದು. ಎಳ್ನೀರು ನಂಗೆ ಕುಡಿಯಂಗಿಲ್ಲ ಅಂದವ್ರೆ ಡಾಕ್ಟ್ರು. ದಿನಾ ನನ್ನ ಒತ್ಕೊಂಡು ತಿರ್ಗೋದು ಈ ಕಾರೇ ಅಲ್ವಾ. ಪೂಜೆ ದಿನ ಬಾನೆಟ್ ತಗ್ದೇ ಇತ್ತು. ನೀನಾರ ಕುಡಿಯಪ್ಪ ಅಂತ ಉಯ್ದ್‌ಬುಟ್ಟೆ."

ಸಿದ್ದರಾಜು ಗೋಡೆಯ ಕಡೆ ತಿರುಗಿಕೊಂಡ.

ಯಜಮಾನರು ನನ್ನ ಹೊಲಿಗೆ ಡಬ್ಬಿಯ ಸೂಜಿಯಿಂದ ಕಿಲುಬು ಕೆರೆದು, ಕ್ಲೀನರ್ ಸಿಂಪಡಿಸಿ, ಗಾಳಿ ಹೊಡೆದು ಒಣಗಿಸಿದರು. ಮೀಟರಿನಲ್ಲಿ ಅಂಕಿ ಏರಿ ಐದಕ್ಕೆ ನಿಂತಿತು. ಎಲ್ಲ ಪ್ಲಗ್ಗುಗಳನ್ನೂ ಮರಳಿ ಹಾಕಿ, ಸೀಲಿನ ಮೇಲೆ ಟೇಪು ಸುತ್ತಿ, ಸ್ಕ್ಯಾನರಿನಲ್ಲಿ ದೂರುಗಳನ್ನು ಅಳಿಸಿದೆವು. ಮೊದಲ ಸಲ ಎಂಜಿನ್ ಕೆಮ್ಮಿ ನಿಂತಿತು. ಎರಡನೆಯ ಸಲ ಶುರುವಾಯಿತು.

ಆದರೆ ಹೊತ್ತು ಮೀರಿತ್ತು. ತಾಯಿ ಮಗ ಹೊರಟ ಮೇಲೆ ಡಯಾಲಿಸಿಸ್ ವಿಭಾಗಕ್ಕೆ ಫೋನ್ ಮಾಡಿ ಬೇಡಿಕೊಂಡೆ. ಕಾಯುತ್ತಿರುವವರೂ ರೋಗಿಗಳೇ ಅಮ್ಮ, ಎಂದರು ನರ್ಸ್. ತಪ್ಪೇನೂ ಹೇಳಲಿಲ್ಲ. ಮಧ್ಯಾಹ್ನ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಯಜಮಾನರು ತೊಳೆದ ಸ್ಪ್ಯಾನರುಗಳನ್ನೇ ಮತ್ತೆ ತೊಳೆದರು.

ಕೊನೆಗೆ ಸಿದ್ದರಾಜು ಫೋನ್ ಮಾಡಿದ. ಮುಂದಿನ ಸರದಿಯಲ್ಲಿದ್ದ ಯಾರೋ ಹಿರಿಯರು ಪುಟ್ಟಮ್ಮನ ಮುಖ ನೋಡಿ ತಮ್ಮ ಜಾಗ ಬಿಟ್ಟುಕೊಟ್ಟರಂತೆ. "ಮೆಷಿನ್‌ಗೆ ಆಕವ್ರೆ ಅಕ್ಕಾ," ಎಂದ. ಅವನು ಅಳುತ್ತಿದ್ದದ್ದು ಕೇಳಿಸಿತು.

ಯಾವ ತಂತಿ ನರಳುತ್ತಿದೆ ಎಂದು ಸ್ಕ್ಯಾನರ್ ಹೇಳುತ್ತದೆ. ಯಾಕೆಂಬುದನ್ನು ಕಾರಿನವರ ಮನೆಯವರನ್ನೇ ಕೇಳಬೇಕು. ಈಗ ಯಾವ ಗಾಡಿ ಬಂದರೂ ನಾನು ಮೊದಲು ಅವರನ್ನು ಕೂರಿಸಿ ವಿಚಾರಿಸುತ್ತೇನೆ. ಗದರಿ ಕೇಳಿದರೆ ಯಾರೂ ಹೇಳುವುದಿಲ್ಲ, ಅಕ್ಕರೆಯಿಂದ ಮಾಡಿದ್ದನ್ನಂತೂ ಹೇಳುವುದೇ ಇಲ್ಲ.